ಹೊಲದ ಲೆಕ್ಕವೂ ಗಣಕಯಂತ್ರವೂ

ಒಂದು ಹೊಲಕ್ಕೆ ಹೊಸ ಗೊಬ್ಬರವನ್ನು ಹಾಕಿದೆವು. ಬೆಳೆ ಹೆಚ್ಚಾಗಿ ಬಂತು. ಹೀಗೆ ಹೆಚ್ಚಿದುದು ಗೊಬ್ಬರದ ಗುಣದಿಂದಲೋ, ಆ ವರ್ಷ ಹದವಾಗಿ ಬಿದ್ದ ಮಳೆಯಿಂದಲೋ, ಆ ಹೊಲದ ಮಣ್ಣೇ ಮೊದಲಿನಿಂದಲೂ ಒಳ್ಳೆಯದಾಗಿದ್ದುದರಿಂದಲೋ? ನಮ್ಮ ಹಿರಿಯರು ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲವೆಂದಲ್ಲ. ಅನುಭವಸ್ಥನಾದ ಒಕ್ಕಲಿಗನು ಊಹೆಯಿಂದಲೇ ಎಷ್ಟೋ ವೇಳೆ ಸರಿಯಾದ ಉತ್ತರವನ್ನು ಕೊಡಬಲ್ಲನು. ಆದರೆ ಊಹೆ ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ಲೆಕ್ಕ ಹಾಕಿ ಹೇಳುವ ಶಾಸ್ತ್ರವು ಹುಟ್ಟಿ ಸುಮಾರು ನೂರು ವರ್ಷಗಳಾದುವಷ್ಟೆ. ಆ ಲೆಕ್ಕದ ಹೊರೆಯನ್ನು ಮನುಷ್ಯನು ಯಂತ್ರದ ಹೆಗಲಿಗೆ ದಾಟಿಸಿದುದು ಇನ್ನೂ ಈಚಿನ ಮಾತು. ಎರಡು ಸಂಗತಿಗಳ ಕಥೆಯೂ ಹೆಚ್ಚುಕಡಮೆ ಒಂದೇ ಊರಿನಲ್ಲಿ ನಡೆಯಿತು. ಅದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ. ಗಣಿತವೆಂದರೆ ಅಂಜುವವರು ಅಂಜಬೇಕಾಗಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟು ಬಂದರೆ ಸಾಕು.

ಇಂಗ್ಲೆಂಡಿನಲ್ಲಿ ಲಂಡನ್ ನಗರಕ್ಕೆ ಉತ್ತರದಲ್ಲಿ ಹರ್ಟ್‌ಫರ್ಡ್‌ಷೈರ್ ಎಂಬ ಪ್ರಾಂತವಿದೆ. ಅಲ್ಲಿಯ ಹಾರ್ಪೆಂಡೆನ್ ಊರಿನ ಮಗ್ಗುಲಲ್ಲಿ ರಾಥಮ್‌ಸ್ಟೆಡ್ ಎಂಬ ಜಮೀನು. ಅದರ ಒಡೆಯರಾದ ಜಾನ್ ಬೆನೆಟ್ ಲಾಸ್ ಎಂಬವರು ೧೮೪೩ರಲ್ಲಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞರೊಡನೆ ಕೂಡಿ ಗೊಬ್ಬರಗಳ ಪರೀಕ್ಷೆಗೆ ತೊಡಗಿದರು. ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಒಂದು ತಾಕಿಗೆ ಕೊಟ್ಟಿಗೆಗೊಬ್ಬರ, ಮತ್ತೊಂದಕ್ಕೆ ರಾಸಾಯನಿಕ ಗೊಬ್ಬರ, ಇನ್ನೊಂದಕ್ಕೆ ಏನೂ ಇಲ್ಲ; ಹೀಗೆ ಹೋಲಿಸಿ ನೋಡುವ ಗೋದಿಯ ಪ್ರಯೋಗವು ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ೧೯೧೯ರ ವೇಳೆಗೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಇಳುವರಿಯ ಅಂಕೆಗಳು ಅಲ್ಲಿಯ ಕಡತಗಳಲ್ಲಿ ರಾಶಿ ಬಿದ್ದಿದ್ದುವು. ಅವುಗಳಿಂದ ಏನಾದರೂ ತಿರುಳು ಹೊರಟೀತೆ ಎಂದು ನೋಡುವುದಕ್ಕಾಗಿ ಆ ವರ್ಷ ರೊನಾಲ್ಡ್ ಫಿಷರ್ ಎಂಬ ಇಪ್ಪತ್ತೊಂಬತ್ತು ವರ್ಷದ ತರುಣರನ್ನು ನೇಮಿಸಿಕೊಂಡರು.

ಫಿಷರರು ಕಡತಗಳಲ್ಲಿ ಕಂಡ ತಿರುಳಿಗಿಂತ ಅವುಗಳಲ್ಲಿ ಕಂಡ ಕೊರತೆಯೇ ಲೋಕಕ್ಕೆ ಹೆಚ್ಚು ಉಪಕಾರವಾಯಿತೆಂದು ನಮಗೆ ತೋರುತ್ತದೆ. ಒಂದು ಗೊಬ್ಬರಕ್ಕೆ ಒಂದೇ ತಾಕನ್ನು ಕೊಟ್ಟರೆ ಗೊಬ್ಬರದ ಗುಣವನ್ನೂ ಮಣ್ಣಿನ ಗುಣವನ್ನೂ ಬೇರ್ಪಡಿಸುವ ಬಗೆ ಯಾವುದು? ಎಷ್ಟು ಜಾಣನಾದ ಲೆಕ್ಕಿಗನಿಗೂ ಅದು ಸಾಧ್ಯವಿಲ್ಲ. ಆದಕಾರಣ ಬಿತ್ತುವುದಕ್ಕೆ ಮೊದಲೇ ಲೆಕ್ಕದ ವಿಚಾರ ಮಾಡಬೇಕು. ಹೊಲವನ್ನು ಕೆಲವು ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದು ಪಟ್ಟಿಯಲ್ಲಿಯೂ ಎಲ್ಲ ಗೊಬ್ಬರಗಳಿಗೂ ಒಂದೊಂದು ತಾಕನ್ನು ಕೊಡಬೇಕು. ಯಾವ ತಾಕು ಯಾವ ಗೊಬ್ಬರಕ್ಕೆಂಬುದನ್ನು ಚೀಟಿ ಎತ್ತಿಯೇ ಗೊತ್ತುಮಾಡಬೇಕು. ಮನುಷ್ಯನ ಇಷ್ಟಕ್ಕೆ ಬಿಟ್ಟರೆ ಒಳ್ಳೆಯ ಮಣ್ಣು ಅರಿಯದೆಯೇ ಮೆಚ್ಚಿನ ಗೊಬ್ಬರದ ಪಾಲಾಗುತ್ತದೆ. ೧೯೩೮ರಲ್ಲಿ ಕಲ್ಕತ್ತೆಯ ಸಮ್ಮೇಳನವೊಂದಕ್ಕೆ ಅಧ್ಯಕ್ಷರಾಗಿ ಬಂದಿದ್ದ ಫಿಷರರು, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಸತ್ತವನ ಪರೀಕ್ಷೆಗೆ ವೈದ್ಯನನ್ನು ಕರೆದಂತೆ ಎಂಬರ್ಥದ ಮಾತನ್ನಾಡಿದರು.

ಇನ್ನು ಬೆಳೆ ಬಂದ ಮೇಲೆ ಮಾಡತಕ್ಕದ್ದೇನು? ತಾಕಿನಿಂದ ತಾಕಿಗೆ ಕಾಣುವ ಏರುಪೇರನ್ನೆಲ್ಲ ಮೊತ್ತಮಾಡಿ, ಅದನ್ನು ಪಾಲು ಹಂಚುವುದು. ಪಟ್ಟಿಗಳ ಮಣ್ಣಿನ ಭೇದದಿಂದ ಇಷ್ಟು, ಗೊಬ್ಬರಗಳ ಭೇದದಿಂದ ಇಷ್ಟು, ಯಾವ ಕಾರಣಕ್ಕೂ ಸಿಕ್ಕದೆ ಉಳಿದುದು ಇಷ್ಟು. ಗೊಬ್ಬರದ ಪಾಲು ಈ ಉಳಿಕೆಯ ಪಾಲಿಗಿಂತ ಹಲವು ಪಟ್ಟು ದೊಡ್ಡದಾಗಿದ್ದರೆ ಗೊಬ್ಬರದಲ್ಲಿ ಸತ್ತ್ವವಿದೆ. ಹೆಚ್ಚುಕಡಮೆ ಸಮನಾಗಿದ್ದರೆ ಕಂಡದ್ದು ಕಾಕತಾಳೀಯ. ಅಣ್ಣತಮ್ಮಂದಿರು ಮನೆ ಪಾಲಾಗುವಾಗ ಚಮಚೆಯೂ ಲೆಕ್ಕಕ್ಕೆ ಬರುವಂತೆ ಇಲ್ಲಿಯೂ ಮೊತ್ತವು ಪೈಸೆ ತಪ್ಪದೆ ಪಾಲುಗಳಿಗೆ ಕೂಡಿಬರಬೇಕು. ೧೯೨೫ರಲ್ಲಿ ಫಿಷರರು ಪ್ರಕಟಿಸಿದ ಗ್ರಂಥದಿಂದ ಈ ಏರುಪೇರಿನ ವಿಂಗಡಣೆಯು ದೇಶದೇಶಗಳಿಗೆ ಹಬ್ಬಿತು.

ಕಾಕತಾಳೀಯವನ್ನು ಎಣಿಸುವುದು ಹೇಗೆಂದು ಕೇಳುವವರಿಗೆ ರಾಥಮ್‌ಸ್ಟೆಡ್ಡಿನ ಚಹದ ಪ್ರಸಂಗವನ್ನೇ ಹೇಳಬಹುದು. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಮೊದಲು ಚಹ ಹಾಕಿದರೋ ರುಚಿಯಿಂದಲೇ ಹೇಳುವೆನೆಂದು ಅಲ್ಲಿಯ ಸಸ್ಯವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್ ಎಂಬಾಕೆ ಹೇಳಿದರಂತೆ. ಎಂಟು ಬಟ್ಟಲುಗಳಲ್ಲಿ ನಾಲ್ಕನ್ನು ಆರಿಸುವ ಬಗೆ ಎಪ್ಪತ್ತು. ಅವುಗಳಲ್ಲಿ ಪೂರ್ತಿ ಸರಿಯಾದುದು ಒಂದೇ. ಬರಿಯ ಅದೃಷ್ಟದಿಂದ ಎಲ್ಲವನ್ನೂ ಗುರುತಿಸುವ ಸಂಭವವು ಎಪ್ಪತ್ತರಲ್ಲೊಂದು. ಈ ಉದಾಹರಣೆಯನ್ನು ಫಿಷರರು ೧೯೩೫ರ ತಮ್ಮ ಇನ್ನೊಂದು ಪ್ರಸಿದ್ಧ ಗ್ರಂಥದಲ್ಲಿ ಸೇರಿಸಿದರು. ನಮ್ಮ ಸೋದರಿಯರು ಕಾಫಿಯ ವಿಷಯದಲ್ಲಿ ಇಂತಹ ಪರೀಕ್ಷೆಗೆ ಕುಳಿತರೆ ಅನೇಕರು ಗೆದ್ದೇ ಗೆಲ್ಲುವರೆಂದು ನಮ್ಮ ನಂಬಿಕೆ.

ತತ್ತ್ವವು ಹೀಗೆ ಚೊಕ್ಕಟವಾಗಿದ್ದರೂ ಅದರ ಲೆಕ್ಕವು ಮೈಮುರಿಯುವ ಕೆಲಸ. ಪ್ರತಿಯೊಂದು ತಾಕಿನ ಇಳುವರಿಯ ವರ್ಗ, ಪಟ್ಟಿಗಳ ಮೊತ್ತಗಳ ವರ್ಗ, ಗೊಬ್ಬರಗಳ ಮೊತ್ತಗಳ ವರ್ಗ, ಇವೆಲ್ಲವನ್ನೂ ಕೂಡಿ ಕಳೆಯಬೇಕು. ಫಿಷರರ ಕೈಯಲ್ಲಿದ್ದುದು ಸ್ವಿಟ್ಸರ್ಲೆಂಡಿನಲ್ಲಿ ತಯಾರಾದ ‘ಮಿಲಿಯನೇರ್’ ಎಂಬ ಹಿತ್ತಾಳೆಹಲ್ಲಿನ ಯಂತ್ರ. ಗುಣಕದಲ್ಲಿ ಎಷ್ಟು ಅಂಕಿಗಳೋ ಅಷ್ಟು ಸಾರಿ ಅದರ ಹಿಡಿಯನ್ನು ತಿರುಗಿಸಬೇಕು. ಆ ಕಾಲದ ಇಂಗ್ಲಿಷಿನಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ವ್ಯಕ್ತಿ; ನಮ್ಮಲ್ಲಿಯೂ ಗಣಕನೆಂದರೆ ಲೆಕ್ಕದವನೇ ತಾನೆ? ಆ ಕೆಲಸಕ್ಕೆ ಬಹುಮಟ್ಟಿಗೆ ಹೆಂಗಸರನ್ನೇ ನೇಮಿಸುತ್ತಿದ್ದರು. ದಿನವಿಡೀ ಹಿಡಿ ತಿರುಗಿಸಿ ಅಂಕಿಗಳನ್ನು ಬರೆದ ಆ ಮಹಿಳೆಯರ ಹೆಸರುಗಳು ಗ್ರಂಥಗಳ ಮುಖಪತ್ರದಲ್ಲಿ ಬಲು ಅಪರೂಪವಾಗಿ ಕಾಣಬರುತ್ತವೆ. ಇದು ನ್ಯಾಯವೆಂದು ನಾವು ಹೇಳಲಾರೆವು.

ಈ ಪರಿಶ್ರಮ ಎಂತಹುದೆಂಬುದಕ್ಕೆ ನಮ್ಮ ನಾಡಿನಲ್ಲಿ ಹುಟ್ಟಿದವರೊಬ್ಬರ ಉದಾಹರಣೆಯೇ ಇದೆ. ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಕಲ್ಕತ್ತೆಯಲ್ಲಿ ಮಹಾಲನೋಬಿಸರ ಸಂಸ್ಥೆಯಲ್ಲಿ ಪಳಗಿ ೧೯೪೬ರಲ್ಲಿ ಕೇಂಬ್ರಿಜ್ಜಿಗೆ ಹೋದರು. ಸೂಡಾನ್ ದೇಶದ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವುದು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಅವರಿಗೆ ವಹಿಸಿದ ಕೆಲಸ. ಒಂದೊಂದು ಅಸ್ಥಿಗೂ ಹಲವು ಅಳತೆಗಳು. ಎಲ್ಲವನ್ನೂ ಒಟ್ಟಿಗೆ ಹೋಲಿಸಬೇಕು. ಸಾಧನವೆಂದರೆ ಮೇಜಿನ ಮೇಲಿನ ಕೈಯಂತ್ರ. ಅದೇ ಕಾಲದಲ್ಲಿ ಫಿಷರರ ಶಿಷ್ಯರಾಗಿ ೧೯೪೮ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಶತಾಯುಷಿಗಳಾಗಿ ೨೦೨೩ರಲ್ಲಿ ದಿವಂಗತರಾದ ಈ ಮಹನೀಯರು ಕೈಲೆಕ್ಕದ ಯುಗವನ್ನೂ ಗಣಕಯಂತ್ರದ ಯುಗವನ್ನೂ ತುಂಬು ಬಾಳಿನಲ್ಲಿ ಕಂಡವರು.

ಫಿಷರರು ೧೯೩೩ರಲ್ಲಿ ರಾಥಮ್‌ಸ್ಟೆಡ್ಡನ್ನು ಬಿಟ್ಟು ಲಂಡನ್ನಿಗೆ ಹೋದಾಗ ಅವರ ಸ್ಥಾನಕ್ಕೆ ಫ್ರಾಂಕ್ ಯೇಟ್ಸ್ ಬಂದರು. ಇವರು ಮೊದಲು ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಈಗಿನ ಘಾನಾ ದೇಶದಲ್ಲಿ, ಭೂಮಾಪನದ ಕೆಲಸ ಮಾಡಿದ್ದವರು. ಸರ್ವೆಯವರಿಗೆ ಲೆಕ್ಕವನ್ನು ಕ್ರಮವಾಗಿ, ತಪ್ಪು ಕಂಡೊಡನೆ ಹಿಡಿಯುವಂತೆ, ಕೋಷ್ಟಕದಲ್ಲಿ ಬರೆಯುವ ಅಭ್ಯಾಸ ಮೈಗೂಡಿರುತ್ತದೆ. ಯೇಟ್ಸರು ೧೯೩೭ರಲ್ಲಿ ಪ್ರಕಟಿಸಿದ ಒಂದು ವಿಧಾನವನ್ನು ನೋಡಿದರೆ ಇದು ಗೊತ್ತಾಗುತ್ತದೆ. ಮೂರು ಗೊಬ್ಬರಗಳನ್ನು ಹಾಕುವುದು ಅಥವಾ ಬಿಡುವುದು ಎಂದರೆ ಎಂಟು ಬಗೆಯಾಯಿತು. ಆ ಎಂಟರ ಮೊತ್ತಗಳನ್ನು ಒಂದರ ಕೆಳಗೊಂದು ಬರೆದು, ಎರಡೆರಡನ್ನು ಕೂಡಿಕೊಂಡು ಹೋಗಿ, ಬಳಿಕ ಎರಡೆರಡನ್ನು ಕಳೆದುಕೊಂಡು ಹೋಗಬೇಕು. ಇದನ್ನೇ ಮೂರು ಸಾರಿ ಮಾಡಿದರೆ ಒಂದೊಂದು ಗೊಬ್ಬರದ ಫಲವೂ ಅವು ಕೂಡಿದಾಗಿನ ವಿಶೇಷ ಫಲವೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಬುದ್ಧಿಯನ್ನು ಬದಿಗಿಟ್ಟು ಬರಿಯ ಶಿಸ್ತಿನಿಂದ ಮಾಡಬಹುದಾದ ಇಂತಹ ಲೆಕ್ಕವು ಯಂತ್ರಕ್ಕಾಗಿಯೇ ಹೇಳಿಮಾಡಿಸಿದಂತಿತ್ತು. ಆದರೆ ಯಂತ್ರವು ಬರುವುದಕ್ಕೆ ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು.

ಎಲಿಯಟ್ ಕಂಪೆನಿಯವರು ಬೋರ್‌ಹ್ಯಾಮ್‌ವುಡ್ಡಿನಲ್ಲಿ ನಿರ್ಮಿಸಿದ ‘ಎಲಿಯಟ್ ೪೦೧’ ಎಂಬ ವಿದ್ಯುದ್ಗಣಕಯಂತ್ರವು ೧೯೫೩ರ ಏಪ್ರಿಲಿನಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ಜನರ ಕಣ್ಣಿಗೆ ಬಿದ್ದು, ಕೇಂಬ್ರಿಜ್ಜಿನಲ್ಲಿ ಕೆಲವು ಕಾಲವಿದ್ದು, ೧೯೫೪ರಲ್ಲಿ ರಾಥಮ್‌ಸ್ಟೆಡ್ಡಿಗೆ ಬಂದಿತು. ಸಾಲು ಬೀರುಗಳಷ್ಟು ದೊಡ್ಡದಾದ, ಹಳೆಯ ರೇಡಿಯೋಗಳಲ್ಲಿದ್ದಂತಹ ವಾಲ್ವುಗಳಿಂದ ನಡೆಯುವ ಯಂತ್ರ. ಅದರ ನೆನಪು ಒಂದು ತಿರುಗುವ ಕಾಂತತಟ್ಟೆಯ ಮೇಲೆ. ಅದರಲ್ಲಿ ಹಿಡಿಯುತ್ತಿದ್ದುದು ಮೂರು ಸಾವಿರಕ್ಕೂ ಕಡಮೆ ಸಂಖ್ಯೆಗಳು. ಈಗ ಫೋನಿನಲ್ಲಿ ತೆಗೆಯುವ ಒಂದು ಭಾವಚಿತ್ರಕ್ಕೆ ಬೇಕಾಗುವ ಜಾಗದಲ್ಲಿ ಅಂತಹ ನೂರಾರು ತಟ್ಟೆಗಳ ನೆನಪು ಅಡಗೀತು. ಯಂತ್ರವು ಅನುಸರಿಸಬೇಕಾದ ಅಪ್ಪಣೆಗಳ ಸರಣಿ, ಎಂದರೆ ಕ್ರಮವಿಧಿ ಅಥವಾ ಎಲ್ಲರೂ ಹೇಳುವ ಪ್ರೋಗ್ರಾಂ, ಅದೂ ಇದೇ ತಟ್ಟೆಯಲ್ಲಿ ಇರಬೇಕು. ಜಾತ್ರೆಯ ರಾಟೆತೊಟ್ಟಿಲಿನಲ್ಲಿ ನಮ್ಮ ತೊಟ್ಟಿಲು ಮೇಲೆ ಹೋಗಿಬಿಟ್ಟರೆ ಅದು ಮತ್ತೆ ಕೆಳಕ್ಕೆ ಬರುವವರೆಗೆ ಕಾಯಬೇಕಷ್ಟೆ? ಹಾಗೆಯೇ ಒಂದು ಅಪ್ಪಣೆಯು ಮುಗಿಯುವ ಹೊತ್ತಿಗೆ ಮುಂದಿನ ಅಪ್ಪಣೆಯ ಜಾಗ ದಾಟಿಹೋಗಿದ್ದರೆ ತಟ್ಟೆಯ ಒಂದು ಸುತ್ತು ವ್ಯರ್ಥ. ಆದ್ದರಿಂದ ಕ್ರಮವಿಧಿಯನ್ನು ಬರೆಯುವವರು ಯಾವ ಅಪ್ಪಣೆ ತಟ್ಟೆಯ ಯಾವ ಕಡೆ ಕುಳಿತರೆ ಸಕಾಲಕ್ಕೆ ಕೈಗೆ ಸಿಕ್ಕುವುದೆಂದು ಒಂದೊಂದನ್ನೂ ಯೋಚಿಸಿ ಇಡಬೇಕಾಗಿತ್ತು. ಹೊಲದ ಅಂಕೆಗಳನ್ನು ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದರು.

ಈ ಇಕ್ಕಟ್ಟಿನೊಳಗೆ ಅವರು ಮಾಡಿದ ಕೆಲಸ ಆಶ್ಚರ್ಯಕರವಾದುದು. ಯೇಟ್ಸ್, ಹೀಲಿ, ಲಿಪ್ಟನ್ ಈ ಮೂವರು ಪ್ರಯೋಗಗಳ ದಿನವಹಿ ವಿಶ್ಲೇಷಣೆಯನ್ನು ಯಂತ್ರದಿಂದ ಮಾಡಿಸುವ ಬಗೆಯನ್ನು ಕುರಿತು ೧೯೫೭ರಲ್ಲಿ ಲೇಖನವನ್ನು ಪ್ರಕಟಿಸಿದರು. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಅದಕ್ಕೆ ಒಂದು ವರ್ಷ ಮೊದಲು ಹೀಲಿಯವರೂ ವೆಸ್ಟ್‌ಮಕಾಟ್ ಎಂಬವರೂ ಕೂಡಿ ಬರೆದ ಸಣ್ಣ ಲೇಖನ. ಅದರ ವಿಷಯ ಕಳೆದುಹೋದ ತಾಕು.

ದನ ನುಗ್ಗಿತೋ, ನೀರು ನಿಂತಿತೋ, ಒಕ್ಕುವಾಗ ಚೀಲ ಬೆರೆತುಹೋಯಿತೋ, ಅಂತೂ ಒಂದು ತಾಕಿನ ಇಳುವರಿ ಸಿಕ್ಕಲಿಲ್ಲ. ಒಂದು ಮಣೆ ಖಾಲಿಯಾದ ಪಂಕ್ತಿಯಂತೆ ಕೋಷ್ಟಕವೆಲ್ಲ ಅಸ್ತವ್ಯಸ್ತ. ಸಮತೂಕವನ್ನು ನಂಬಿದ ಲೆಕ್ಕ ನಡೆಯುವುದಿಲ್ಲ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೂರು ಪಟ್ಟಿ, ಮೂರು ಗೊಬ್ಬರ. ಮೊದಲ ಪಟ್ಟಿಯಲ್ಲಿ ೨೦, ೨೪, ೨೮ ಸೇರು. ಎರಡನೆಯದರಲ್ಲಿ ೨೨, ೨೭, ೨೯. ಮೂರನೆಯದರಲ್ಲಿ ೧೮, ನಡುವಿನದು ಇಲ್ಲ, ೨೬. ಇಲ್ಲದ ಜಾಗದಲ್ಲಿ ಬಾಯಿಗೆ ಬಂದ ಒಂದು ಸಂಖ್ಯೆಯನ್ನು, ೨೦ ಎಂದು, ಬರೆಯಿರಿ. ಈಗ ಕೋಷ್ಟಕ ತುಂಬಿತು. ಆ ಗೊಬ್ಬರದ ಸರಾಸರಿಗೆ ಆ ಪಟ್ಟಿಯ ಸರಾಸರಿಯನ್ನು ಕೂಡಿಸಿ ಇಡೀ ಹೊಲದ ಸರಾಸರಿಯನ್ನು ಕಳೆದರೆ ಆ ಜಾಗದಲ್ಲಿ ಇರತಕ್ಕದ್ದು ಸುಮಾರು ೨೧.೨ ಎಂದು ಬರುತ್ತದೆ. ಹಾಗಾದರೆ ೨೦ನ್ನು ಒರಸಿ ೨೧.೨ನ್ನು ಬರೆದು ಮತ್ತೆ ಲೆಕ್ಕ ಹಾಕಿ, ೨೧.೯ ಬರುತ್ತದೆ. ಮತ್ತೆ ಹಾಕಿದರೆ ೨೨.೩, ಮತ್ತೆ, ೨೨.೫. ಹೆಜ್ಜೆ ಚಿಕ್ಕದಾಗುತ್ತ ಬಂದು ಕೊನೆಗೆ ೨೨.೭೫ರಲ್ಲಿ ನಿಂತುಬಿಡುತ್ತದೆ. ಮೊದಲು ೨೦ರ ಬದಲು ೫೦ ಎಂದು ಬರೆದಿದ್ದರೂ ಬಂದು ನಿಲ್ಲುವುದು ಇಲ್ಲಿಯೇ. ಸಂದೇಹವಿದ್ದವರು ಮಕ್ಕಳ ಕೈಯಲ್ಲಿ ಮಾಡಿಸಿ ನೋಡಬಹುದು.

ಈ ೨೨.೭೫ರಿಂದ ಹೊಸ ಜ್ಞಾನವೇನೂ ದೊರೆಯುವುದಿಲ್ಲ; ಇಲ್ಲದ ಬೆಳೆಯನ್ನು ಯಾವ ಲೆಕ್ಕವೂ ಬೆಳೆಯಲಾರದು. ಉಳಿದ ಎಂಟು ತಾಕುಗಳು ಹೇಳುವುದನ್ನು ಕೆಡಿಸದಂತೆ ಅದು ಜಾಗ ಹಿಡಿದುಕೊಂಡಿರುತ್ತದೆ, ಅಷ್ಟೆ. ಒಂದೇ ತಾಕು ಹೋಗಿದ್ದರೆ ಯೇಟ್ಸರ ಸೂತ್ರದಿಂದ ಕೈಯಲ್ಲಿಯೇ ಇದು ನೇರವಾಗಿ ಸಿಕ್ಕುತ್ತದೆ. ಆದರೆ ಹಲವು ತಾಕುಗಳು ಹೋದರೆ ಸೂತ್ರ ಜಟಿಲವಾಗುತ್ತದೆ. ಮಾಡಿದ್ದನ್ನೇ ಮಾಡುವ ಬೇಸರವಿಲ್ಲದ ಯಂತ್ರಕ್ಕಾದರೋ ಒಂದಾದರೇನು, ಐದಾದರೇನು? ಮನುಷ್ಯನಿಗೆ ದಡ್ಡತನವೆಂದು ಕಾಣುವ ದಾರಿಯು ಯಂತ್ರಕ್ಕೆ ಹೆದ್ದಾರಿಯಾಯಿತು. ಊಹಿಸು, ಲೆಕ್ಕ ಹಾಕು, ತಿದ್ದು, ಮತ್ತೆ ಲೆಕ್ಕ ಹಾಕು ಎಂಬ ಇದೇ ಉಪಾಯವು ೧೯೭೭ರಲ್ಲಿ ಬೇರೆ ವಿದ್ವಾಂಸರ ಕೈಯಲ್ಲಿ ವಿಸ್ತಾರವಾದ ರೂಪವನ್ನು ತಾಳಿ ಪ್ರಖ್ಯಾತವಾಯಿತು.

ಯಂತ್ರದಿಂದ ಇನ್ನೊಂದು ಲಾಭವೂ ಆಯಿತು. ಪ್ರತಿಯೊಂದು ತಾಕಿನಲ್ಲಿಯೂ ಬರಬೇಕಾದುದಕ್ಕೂ ಬಂದುದಕ್ಕೂ ಇರುವ ಅಂತರವನ್ನು ಕೈಯಿಂದ ಎಣಿಸುವ ತಾಳ್ಮೆ ಯಾರಿಗಿತ್ತು? ಯಂತ್ರವು ಅದನ್ನು ಸುಲಭವಾಗಿ ಎಣಿಸಿಕೊಡಬಲ್ಲದು. ಒಂದು ತಾಕಿನ ಅಂತರವು ಉಳಿದವುಗಳಿಗಿಂತ ವಿಪರೀತವಾಗಿದ್ದರೆ ಅಲ್ಲಿ ೩೨ಕ್ಕೆ ಬದಲು ೨೩ ಎಂದು ಬರೆದಿರಬಹುದೆಂಬ ಗುಮಾನಿ ಹುಟ್ಟುತ್ತದೆ. ಮನೆಯ ಜಮಾಖರ್ಚು ಬರೆಯುವವರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ೧೯೬೬ರಲ್ಲಿ ಫಿಷರರ ಸ್ಮಾರಕವಾಗಿ ಮಾಡಿದ ಉಪನ್ಯಾಸದಲ್ಲಿ ಯೇಟ್ಸರು ಗಣಕಯಂತ್ರವನ್ನು ಸಂಖ್ಯಾಶಾಸ್ತ್ರದ ಎರಡನೆಯ ಕ್ರಾಂತಿಯೆಂದು ಕರೆದರು. ಎಲಿಯಟ್ ೪೦೧ ಅದಕ್ಕೆ ಹಿಂದಿನ ವರ್ಷವೇ ಕೆಲಸ ನಿಲ್ಲಿಸಿತ್ತು. ಅದು ಬಳಿಕ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವನ್ನು ಸೇರಿತು. ನಮ್ಮ ದೇಶದಲ್ಲಿ ಮೊದಲ ವಿದ್ಯುದ್ಗಣಕವನ್ನು ತರಿಸಿದವರೂ ಸಂಖ್ಯಾಶಾಸ್ತ್ರಜ್ಞರೇ: ೧೯೫೦ರ ದಶಕದ ನಡುವಿನಲ್ಲಿ ಕಲ್ಕತ್ತೆಯ ಮಹಾಲನೋಬಿಸರ ಸಂಸ್ಥೆಗೆ ಇಂಗ್ಲೆಂಡಿನಿಂದ ಬಂದ ಎಚ್‌ಇಸಿ-೨ಎಂ ಎಂಬ ಯಂತ್ರ ಅದು.

ಇಲ್ಲಿಯವರೆಗೆ ಪ್ರಯೋಗದ ಒಂದೊಂದು ವಿನ್ಯಾಸಕ್ಕೂ ಬೇರೆ ಬೇರೆ ಕ್ರಮವಿಧಿ ಬೇಕಾಗುತ್ತಿತ್ತು. ಒಂದೊಂದು ಅಡುಗೆಗೂ ಒಂದೊಂದು ಒಲೆ ಹೂಡಿದಂತೆ. ಈ ತೊಡಕನ್ನು ಬಿಡಿಸಿದ ಬಗೆ ಕುತೂಹಲಕರ. ಜಾನ್ ನೆಲ್ಡರ್ ಎಂಬ ಇಂಗ್ಲಿಷ್ ವಿದ್ವಾಂಸರು ೧೯೬೫ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರಕ್ಕೆ ಹೋಗಿದ್ದಾಗ ಅಲ್ಲಿ ಗ್ರಹಾಮ್ ವಿಲ್ಕಿನ್ಸನ್ನರೊಡನೆ ಕೂಡಿ ಕೆಲಸ ಮಾಡಿದರು. (ಫಿಷರರು ಕೊನೆಯ ದಿನಗಳನ್ನು ಕಳೆದು ೧೯೬೨ರಲ್ಲಿ ತೀರಿಕೊಂಡುದೂ ಇದೇ ನಗರದಲ್ಲಿ.) ನೆಲ್ಡರರ ದೃಷ್ಟಿಯಲ್ಲಿ ಯಾವ ಪ್ರಯೋಗಕ್ಕೂ ಎರಡು ಮುಖಗಳು: ತಾಕುಗಳು ಹೊಲದಲ್ಲಿ ಹೇಗೆ ಜೋಡಿಸಿವೆ ಎಂಬುದು ಒಂದು, ಅವಕ್ಕೆ ಏನೇನು ಹಾಕಿದೆವು ಎಂಬುದು ಇನ್ನೊಂದು. ಇವೆರಡನ್ನು ಹೇಳಿದರೆ ಲೆಕ್ಕದ ದಾರಿಯನ್ನು ಯಂತ್ರವೇ ಕಂಡುಕೊಳ್ಳಬಹುದು. ವಿಲ್ಕಿನ್ಸನ್ನರ ವಿಧಾನಕ್ಕೆ ‘ಗುಡಿಸುವುದು’ ಎಂಬ ಅರ್ಥದ ಹೆಸರೇ ಇದೆ. ಪಟ್ಟಿಗಳ ಸರಾಸರಿಯನ್ನು ಎಲ್ಲ ಅಂಕೆಗಳಿಂದಲೂ ಕಳೆದು ಆ ಕಸವನ್ನು ಒಂದು ಕಡೆ ಗುಡ್ಡೆಮಾಡು. ಉಳಿದುದರಿಂದ ಗೊಬ್ಬರಗಳ ಸರಾಸರಿಯನ್ನು ಕಳೆದು ಇನ್ನೊಂದು ಕಡೆ ಗುಡ್ಡೆಮಾಡು. ನೆಲದ ಮೇಲೆ ಕೊನೆಗೆ ಉಳಿದ ಧೂಳೇ ಕಾರಣ ಸಿಕ್ಕದ ಉಳಿಕೆ.

೧೯೬೮ರಲ್ಲಿ ಯೇಟ್ಸರು ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದವರು ನೆಲ್ಡರರೇ. ರಾಥಮ್‌ಸ್ಟೆಡ್ಡಿನಲ್ಲಿ ಹೀಗೆ ಬೆಳೆದ ಕ್ರಮವಿಧಿಗೆ ‘ಜೆನ್‌ಸ್ಟಾಟ್’ ಎಂದು ಹೆಸರಾಯಿತು. ಗೊಬ್ಬರಗಳ ಹೆಸರುಗಳ ನಡುವೆ ಒಂದು ನಕ್ಷತ್ರಚಿಹ್ನೆಯನ್ನಿಟ್ಟರೆ ಬೇರೆ ಬೇರೆ ಫಲವನ್ನೂ ಕೂಡಿದ ಫಲವನ್ನೂ ನೋಡೆಂದು ಅರ್ಥ. ಓರೆಗೆರೆಯನ್ನಿಟ್ಟರೆ ಪಟ್ಟಿಯೊಳಗೆ ತಾಕು ಎಂದರ್ಥ. ವಿಲ್ಕಿನ್ಸನ್ ಮತ್ತು ರಾಜರ್ಸ್ ೧೯೭೩ರಲ್ಲಿ ಪ್ರಕಟಿಸಿದ ಈ ಸಂಕ್ಷಿಪ್ತ ಬರವಣಿಗೆಯನ್ನು ಈಗ ಲೋಕದಲ್ಲೆಲ್ಲ ಬಳಸುವ ‘ಆರ್’ ಎಂಬ ಭಾಷೆಯೂ ಕೆಲವು ಬದಲಾವಣೆಗಳೊಡನೆ ಇಟ್ಟುಕೊಂಡಿದೆ. ನೆಲ್ಡರರೊಡನೆ ಕೂಡಿ ೧೯೭೨ರಲ್ಲಿ ಒಂದು ಮಹತ್ತ್ವದ ಲೇಖನವನ್ನು ಬರೆದ ರಾಬರ್ಟ್ ವೆಡರ್‌ಬರ್ನ್ ಎಂಬ ತರುಣನು ೧೯೭೫ರಲ್ಲಿ, ಮೂವತ್ತು ತುಂಬುವುದರೊಳಗೆ, ಕೀಟವೊಂದು ಕಚ್ಚಿದ ನಂಜಿನಿಂದ ತೀರಿಕೊಂಡುದನ್ನು ನೆನೆದರೆ ವ್ಯಥೆಯಾಗುತ್ತದೆ.

ಅಮೆರಿಕದಲ್ಲಿಯೂ ಇದೇ ಕಾಲದಲ್ಲಿ ಇಂತಹ ಕೆಲಸ ನಡೆದಿತ್ತು. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಡಿಕ್ಸನ್ನರ ನೇತೃತ್ವದಲ್ಲಿ ೧೯೬೧ರಲ್ಲಿ ವೈದ್ಯಕೀಯ ಅಂಕೆಗಳಿಗಾಗಿ ‘ಬಿಎಂಡಿ’. ಉತ್ತರ ಕೆರೊಲಿನದಲ್ಲಿ ೧೯೬೬ರಿಂದ ಕೃಷಿಪ್ರಯೋಗಗಳಿಗಾಗಿ ‘ಸ್ಯಾಸ್’. ಸ್ಟ್ಯಾನ್‌ಫರ್ಡಿನಲ್ಲಿ ೧೯೬೮ರಲ್ಲಿ ಸಮಾಜಶಾಸ್ತ್ರಕ್ಕಾಗಿ ‘ಎಸ್‌ಪಿಎಸ್‌ಎಸ್’. ಇವು ಊರೂರಿಗೆ ಹಬ್ಬಿ, ಲೆಕ್ಕದ ಒಳಗುಟ್ಟನ್ನು ತಿಳಿಯದವರೂ ಲೆಕ್ಕ ಮಾಡಿಸುವಂತಾಯಿತು. ಯಂತ್ರವು ಅಚ್ಚುಹಾಕಿ ಕೊಟ್ಟುದನ್ನು ಶಂಕಿಸುವವರು ಕಡಮೆ.

ಶಂಕಿಸಿದವರಲ್ಲಿ ಒಬ್ಬರು ಜೇಮ್ಸ್ ಲಾಂಗ್ಲಿ. ಅವರ ಶಂಕೆಯ ಮೂಲವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ೧೦೦೦೧, ೧೦೦೦೨, ೧೦೦೦೩ ಎಂಬ ಮೂರು ಅಳತೆಗಳ ಏರುಪೇರನ್ನು ಎಣಿಸಬೇಕಾಗಿದೆ. ಸರಾಸರಿ ೧೦೦೦೨, ಅದರಿಂದ ಅಂತರಗಳು ಒಂದು, ಸೊನ್ನೆ, ಒಂದು, ವರ್ಗಗಳ ಮೊತ್ತ ೨. ಆದರೆ ಕೈಯಂತ್ರದವರ ರೂಢಿಯ ಅಡ್ಡದಾರಿಯಲ್ಲಿ, ಸಂಖ್ಯೆಗಳ ವರ್ಗಗಳ ಮೊತ್ತವಾದ ೩೦೦೧೨೦೦೧೪ರಿಂದ, ಮೊತ್ತದ ವರ್ಗದ ಮೂರನೆಯ ಒಂದು ಭಾಗವಾದ ೩೦೦೧೨೦೦೧೨ನ್ನು ಕಳೆಯುತ್ತಾರೆ. ಆಗಲೂ ೨ ಬರುತ್ತದೆ. ಸರಿಯೇ. ಈಗ ಆರೇ ಅಂಕಿಗಳನ್ನು ನೆನಪಿಡಬಲ್ಲ ಯಂತ್ರಕ್ಕೆ ಇದನ್ನು ಕೊಡಿ. ಅದಕ್ಕೆ ಎರಡು ಸಂಖ್ಯೆಗಳೂ ೩೦೦೧೨೦ ಸಾವಿರವಾಗಿಯೇ ಕಾಣುತ್ತವೆ; ಕಳೆದರೆ ಸೊನ್ನೆ. ಇದ್ದ ಏರುಪೇರು ಮಾಯವಾಯಿತು! ಯಂತ್ರವು ಕೆಟ್ಟಿಲ್ಲ, ಅಪ್ಪಣೆಯನ್ನು ಮೀರಿಲ್ಲ. ಗಂಟೆ ಬಾರಿಸಿ ಎಚ್ಚರಿಸುವುದೂ ಇಲ್ಲ.

ಲಾಂಗ್ಲಿಯವರು ಅಮೆರಿಕದ ಉದ್ಯೋಗದ ಹದಿನಾರು ವರ್ಷಗಳ ಅಂಕೆಗಳನ್ನು, ಒಂದನ್ನೊಂದು ಬಹುವಾಗಿ ಹೋಲುವ ಆರು ಕಾರಣಗಳೊಡನೆ, ಆ ಕಾಲದ ಹಲವು ಪ್ರಸಿದ್ಧ ಕ್ರಮವಿಧಿಗಳಿಗೆ ಕೊಟ್ಟು ನೋಡಿದರು. ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕೆಲವು ಕಡೆ ಮೊದಲ ಅಂಕಿಯೇ ಬೇರೆ. ಇವುಗಳಲ್ಲಿ ಸತ್ಯವಾವುದೆಂದು ತೀರ್ಮಾನಿಸುವುದು ಹೇಗೆ? ಲಾಂಗ್ಲಿಯವರು ಮೇಜಿನ ಕೈಯಂತ್ರವನ್ನು ಮುಂದಿಟ್ಟುಕೊಂಡು ಅಂಕಿಗಳನ್ನು ಎಲ್ಲಿಯೂ ಕತ್ತರಿಸದೆ ಇಡೀ ಲೆಕ್ಕವನ್ನು ತಾವೇ ಮಾಡಿ ಸರಿಯಾದ ಉತ್ತರವನ್ನು ಪಡೆದು, ೧೯೬೭ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಕ್ರಮವಿಧಿಗಳನ್ನು ಬರೆಯುವವರಿಗೆ ಇದರಿಂದ ಚುರುಕು ಮುಟ್ಟಿತು. ಹಳೆಯ ಅಡ್ಡದಾರಿಗಳನ್ನು ಬಿಟ್ಟು ಅಂ‌ಕಿಗಳು ನಷ್ಟವಾಗದ ಮಾರ್ಗಗಳಿಗೆ ಅವರು ತಿರುಗಿದರು. ಆ ಹದಿನಾರು ವರ್ಷಗಳ ಕೋಷ್ಟಕವು ಈಗಲೂ ‘ಆರ್’ ಭಾಷೆಯೊಡನೆ ಅವರ ಹೆಸರಿನಲ್ಲಿಯೇ ದೊರೆಯುತ್ತದೆ. ಸಂಖ್ಯಾಶಾಸ್ತ್ರದ ಕ್ರಮವಿಧಿಗಳನ್ನು ಒರೆಗೆ ಹಚ್ಚುವುದಕ್ಕಾಗಿ ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯವರು ಇಟ್ಟಿರುವ ಲೆಕ್ಕಗಳಲ್ಲಿಯೂ ಅದು ಒಂದು.